ಬಾಯಲ್ಲೇ ಕ್ಲಾರಿಯೊನೆಟ್

ಕ್ಲಾರಿಯೊನೆಟ್ ರಂಗಣ್ಣನವರು ತೀರಿಕೊಂಡ ಸುದ್ದಿ ನ್ಯಾಮತಿಯಲ್ಲಿ ಹರಡಿದ್ದು ತುರ್ತುಪರಿಸ್ಥಿತಿ ಮುಗಿದ ವರ್ಷದ ಒಂದು ಸೋಮವಾರ ಬೆಳಿಗ್ಗೆ. ಅವರ ಶಿಷ್ಯ, ದರ್ಜಿ ಯರ್ರಿಸ್ವಾಮಿ, ಹೊಲಿಯುತ್ತಿದ್ದ ಅಂಗಿಗೆ ಎರಡು ತೋಳನ್ನೂ ಒಂದೇ ಕಡೆ ಹಚ್ಚಿ ಎದ್ದು ಓಡಿದ.

ಗುರುಗಳನ್ನು ಅವರದೇ ಕಲ್ಯಾಣಿ ರಾಗದೊಂದಿಗೆ ಕಳುಹಿಸಿಕೊಡಬೇಕೆಂದು ಅವನ ಆಸೆ. ಆದರೆ ರಂಗಣ್ಣನವರ ಹೆಂಡತಿ ಸಾವಂತ್ರಮ್ಮ ಒಳಗಿನಿಂದ ಹೇಳಿ ಕಳುಹಿಸಿದ್ದರು: "ಒಂದು ವಾದ್ಯನೂ ಬ್ಯಾಡ. ಅವ್ರದೇ ಕಡೇ ಮಾತು."

ಯರ್ರಿಸ್ವಾಮಿ ಕಣ್ಣೊರೆಸಿಕೊಂಡ. "ನಂಗೆ ಗೊತ್ತಾತು. ಅವ್ರ ರಾಗನ ಇನ್ನೊಬ್ರು ಊದಬಾರದು ಅಂತ. ಬಾಯಾಗೇ ಹೇಳಾನ!"

ಗುರುಗಳನ್ನು ಮಲಗಿಸಿದ್ದ ಜಗಲಿಗೆ ಭಜನೆಯವರನ್ನು ಕರೆದು ಪಾಲು ಹಂಚಿದ. ಕ್ಲಾರಿಯೊನೆಟ್ಟಿನ ಸ್ವರಗಳು ತನಗೆ, ಡೋಲು ಮಾರಪ್ಪನಿಗೆ, ಶ್ರುತಿ ಅಡಿಕೆ ಮಂಡಿಯ ಜಯದೇವಪ್ಪನವರಿಗೆ.

"ಶ್ರುತಿ ಅಂದ್ರೆ ಏನನ್ಬೇಕೋ?"

"ಭೋಂ ಅನ್ನೋದು ಸಾವ್ಕಾರ್ರೇ, ಮುಗಿಯೋವರೆಗೂ."

"ಬೀಗರು ಬಂದಾರೆ ಕಣೋ! ಅವ್ರ ಮುಂದೆ ಭೋಂ ಅನ್ಕೊಂಡು ನಿಂತ್ಕೊಳ್ಳಾ? ಕ್ಲಾರಿಯೊನೆಟ್ ನಂಗೆ ಕೊಡು."

ಚಟ್ಟದ ಬಿದಿರಿನಿಂದ ಹೂವಿನವರೆಗೆ ತರಿಸಿಕೊಟ್ಟವರು ಅವರೇ. ಇಲ್ಲ ಎನ್ನುವುದು ಹೇಗೆ? ಭೋಂ ಯರ್ರಿಸ್ವಾಮಿಯ ಪಾಲಾಯಿತು.

ಜಯದೇವಪ್ಪನವರ ಕಲ್ಯಾಣಿ, ಹಗ್ಗ ಕಿತ್ತುಕೊಂಡ ಕರುವಿನಂತೆ, ಕಂಡ ಕಂಡ ರಾಗಗಳೊಳಗೆ ನುಗ್ಗಿತು. 'ತಕಧಿಂ' ಎನ್ನುವ ರಭಸಕ್ಕೆ ಮಾರಪ್ಪನ ಕಟ್ಟಿಸಿದ ಹಲ್ಲು ಹಾರಿ ಹೂವಿನ ರಾಶಿಗೆ ಬಿತ್ತು. ಅವನು ಬಗ್ಗಿ ಹುಡುಕುತ್ತಲೇ ಡೋಲು ಮುಂದುವರಿಸಿದ. ಯರ್ರಿಸ್ವಾಮಿಯ ಮುಖ ಉಸಿರುಕಟ್ಟಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಳುತ್ತಿದ್ದ ಹೆಂಗಸರು ಅಳು ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು.

ಹೇಗೋ ಮುಗಿಯಿತು. ಸಾವಂತ್ರಮ್ಮ ಹೊರಗೆ ಬಂದರು.

"ಯಪ್ಪಾ ಯರ್ರಿಸ್ವಾಮಿ, ಅವ್ರು ಏನಂದಿದ್ರು ಗೊತ್ತೈತಾ? 'ಮದುವೆ ಮನೆ ಗದ್ದಲ ಕೇಳಿ ಕೇಳಿ ಕಿವಿ ಸೋತೈತೆ. ಹೋಗೋವಾಗಾದ್ರೂ ಸದ್ದಿಲ್ದಂಗೆ ಕಳಿಸ್ರಿ' ಅಂದಿದ್ರು."

ಯರ್ರಿಸ್ವಾಮಿ ಕುಸಿದು ಗುರುಗಳ ಪಾದ ಹಿಡಿದ. "ತಪ್ಪಾತು ಗುರುವೇ. ಇನ್ನು ಯಾರೂ ಪಿಟಕ್ ಅನ್ನಬ್ಯಾಡ್ರಿ!"

ಅಷ್ಟರಲ್ಲಿ ಹೊನ್ನಾಳಿ ಬಸ್ಸಿನಿಂದ ಇಳಿದ ರಂಗಣ್ಣನವರ ಅಣ್ಣ ಸಣ್ಣಪ್ಪಜ್ಜ ಕೋಲೂರಿಕೊಂಡು ಬಂದರು.

"ಬಾಯಾಗೇ ಕ್ಲಾರಿಯೊನೆಟ್ ನುಡಿಸಿದ್ರಂತೆ! ಬಸ್ ಸ್ಟ್ಯಾಂಡಿನಾಗೆ ಅದೇ ಮಾತು. ನಾನು ಕೇಳೋ ತನಕ ನನ್ನ ತಮ್ಮನ್ನ ಎತ್ತಂಗಿಲ್ಲ. ಮೊದಲಿಂದ ಹೇಳ್ರಿ!"

ಹಿರಿಯರ ಮಾತು, ಮೀರುವಂತಿಲ್ಲ. ಜಯದೇವಪ್ಪನವರು ಆಗಲೇ ಗಂಟಲು ಸರಿಮಾಡಿಕೊಂಡಿದ್ದರು. ಸಾವಂತ್ರಮ್ಮ ನಿಟ್ಟುಸಿರು ಬಿಟ್ಟು, ಗಂಡನ ಕಿವಿಗಿಟ್ಟಿದ್ದ ಹತ್ತಿಯ ಮೇಲೆ ಇನ್ನಷ್ಟು ಹತ್ತಿ ತುರುಕಿದರು.

ಭೋಂ ಎನ್ನುವ ಮೊದಲು ಯರ್ರಿಸ್ವಾಮಿ ಕಣ್ಣುಮುಚ್ಚಿ ಕೈಮುಗಿದ:

"ಶಿವನೇ, ನಮ್ಮಿಂದ ಆಗಲಿಲ್ಲ. ನಿನ್ನ ಪಾದದಲ್ಲಾದರೂ ಈ ಜೀವಕ್ಕೆ ಶಾಂತಿ ಕೊಡಪ್ಪಾ."