ಹಿಡಕಲ್ ದಂಡೆಯ ಮೇಲೆ ನನ್ನ ಜಪಾನಿ ಗಾಡಿ

ಅಚ್ಚಾದದ್ದೆಲ್ಲ ಸತ್ಯವಲ್ಲ ಎಂಬುದು ನಾನು ಸ್ವಂತ ಪರಿಶ್ರಮದಿಂದ ಕಂಡುಕೊಂಡ ಸಿದ್ಧಾಂತ. ನಾಲ್ಕನೆಯ ಇಯತ್ತೆಗೇ ಶಾಲೆಯ ಋಣ ಹರಿದುಹೋದ ನನಗೆ ಮುಂದಿನ ವಿದ್ಯೆ ಕಲಿಸಿದ್ದು ಕಿರಾಣಿ ಅಂಗಡಿಯ ಪುಡಿಕೆಗಳು. ಬೆಲ್ಲ ಸುತ್ತಿಬಂದ ಕಾಗದದಲ್ಲಿ ಇತಿಹಾಸ, ಜೀರಿಗೆ ಸುತ್ತಿಬಂದ ಕಾಗದದಲ್ಲಿ ವಿಜ್ಞಾನ. ಕಾಗದ ಹರಿದಲ್ಲಿಗೆ ಪಾಠವೂ ಮುಗಿಯುತ್ತಿದ್ದುದರಿಂದ ಉಳಿದ ಅರ್ಧವನ್ನು ನಾನೇ ಯೋಚಿಸಿಕೊಳ್ಳಬೇಕಾಗುತ್ತಿತ್ತು. ಹೀಗಾಗಿ ಯಾರ ಮಾತನ್ನೂ ಪೂರ್ತಿ ನಂಬದಿರುವ ಅಭ್ಯಾಸ ಬೆಳೆಯಿತು. ಆ ಅಭ್ಯಾಸ ನನ್ನನ್ನು ಜೀವಮಾನವಿಡೀ ಕಾಪಾಡಿತು. ಒಂದು ರವಿವಾರ ಮಾತ್ರ ಕೈಬಿಟ್ಟಿತು!

ಗೋಕಾಕದ ನಮ್ಮ ಓಣಿಯ ತುದಿಗೆ ದಸ್ತಗೀರನ ಹೊಲಿಗೆ ಅಂಗಡಿ. ದಿನಾ ಮುಂಜಾನೆ ಅಲ್ಲಿ ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಪ್ರತಿ ಸುದ್ದಿಯ ಬಾಲಕ್ಕೆ ನನ್ನದೊಂದು ಸಂಶಯವನ್ನು ಕಟ್ಟುವುದು, ಬೆಂಚಿನ ಮೇಲಿನವರು ಕೇಳುವುದು ಬಹುಕಾಲದ ಪದ್ಧತಿಯಾಗಿತ್ತು. ಗಿರಣಿಯ ಕೆಲಸದಿಂದ ನಿವೃತ್ತನಾದವನಿಗೆ ಉಳಿದಿದ್ದುದು ಅದೊಂದೇ ಪದವಿ. ಜಿಲ್ಲಾಧಿಕಾರಿಯ ಪದವಿಗಿಂತ ಅದು ಕಡಿಮೆಯೆಂದು ನಾನೆಂದೂ ಭಾವಿಸಿರಲಿಲ್ಲ.

ಒಂದು ದಿನ ಪತ್ರಿಕೆಯಲ್ಲಿ, ಹೊಸ ಯಂತ್ರಗಳು ಹಳೆಯವುಗಳಿಗಿಂತ ಎಲ್ಲ ರೀತಿಯಿಂದಲೂ ಮೇಲು ಎಂದು ಯಾರೋ ಬರೆದಿದ್ದರು. ನಾನು ಕೂಡಲೇ ಕನ್ನಡಕ ತೆಗೆದೆ. ಸಂಶಯ ಹೊರಡುವ ಮುನ್ನ ನಾನು ಕನ್ನಡಕ ತೆಗೆಯುವುದು ರೂಢಿ.

“ಎಲ್ಲಾ ರೀತಿ ಅಂದ್ರ? ಯಾರು ಪರೀಕ್ಷೆ ಮಾಡ್ಯಾರ? ನಮ್ಮ ಅಟ್ಟದ ಮ್ಯಾಲೆ ಒಂದು ಜಪಾನಿ ರಿಮೋಟ್ ಗಾಡಿ ಐತಿ. ಹಡಗದಾಗ ಕೆಲಸಾ ಮಾಡತಿದ್ದ ನಮ್ಮ ಭಾವ ಕೊಟ್ಟಿದ್ದು. ಅಂಥಾ ಗಾಡಿ ಈಗ ಮಾಡೂದ ಇಲ್ಲ.”

ಬೆಂಚಿನ ತುದಿಯಲ್ಲಿ ಪದ್ಮಣ್ಣ ಕುಳಿತಿದ್ದ. ಮೂಡಲಗಿಯಿಂದ ಬಂದು ನಮ್ಮಲ್ಲಿ ಗೊಬ್ಬರದ ಅಂಗಡಿ ಹಾಕಿದವನು, ಸಂಭಾವಿತ, ಮೃದುಭಾಷಿ. ಅಂಥವರ ಬಗ್ಗೆ ಎಚ್ಚರಿಕೆಯಿಂದಿರಬೇಕು.

“ಕಾಕಾ, ನಾನೂ ಮೊನ್ನೆ ಪುಣೆದಿಂದ ಅಂಥಾದ್ದ ಒಂದು ತಂದೇನ್ರಿ. ಹೊಸಾ ಮಾಡೆಲ್. ನಿಮ್ಮ ಗಾಡಿ ಅಟ್ಟದ ಮ್ಯಾಲೆ ಇಲಿ ಕೂಡ ರೇಸ್ ಹಚ್ಚತೈತೇನ್ರಿ?”

“ಇಲಿ ಸೋತಾವ. ಈಗ ನಿನ್ನ ಪಾಳಿ!”

ದಸ್ತಗೀರ ಬಾಯಲ್ಲಿ ಕಚ್ಚಿಕೊಂಡಿದ್ದ ಟಾಚಣಿ ಸೂಜಿಗಳನ್ನು ತೆಗೆದು ಹೇಳಿದ: “ಹಂಗಾರ ಪೈಜ ಕಟ್ಟ್ರಿ. ಗೆದ್ದವರು ಪೇಪರ್ ಓದ್ರಿ. ಸೋತವರು ಸುಮ್ಮ ಕುಂತು ಕೇಳ್ರಿ. ತುಟಿ ಪಿಟಕ್ಕ ಅನ್ನಂಗಿಲ್ಲ.”

“ಎಷ್ಟು ದಿವಸ?” ಎಂದೆ.

“ದಿವಸ ಏನ ತಂದ್ರಿ ಕಾಕಾ. ಕಾಯಂ!”

ದಸ್ತಗೀರನ ಉತ್ಸಾಹವನ್ನು ನಾನು ಅಲ್ಲಿಯೇ ಸಂಶಯಿಸಬೇಕಿತ್ತು. ನನ್ನ ಸಂಶಯಗಳನ್ನು ಕೇಳುತ್ತ ಅವನು ಎಷ್ಟು ಜನರ ಜೇಬುಗಳನ್ನು ಉಲ್ಟಾ ಹೊಲಿದಿದ್ದನೋ!

ಗಾಡಿ ಅಟ್ಟದಿಂದ ಇಳಿಯಿತು. ಧೂಳಿನಲ್ಲಿ ಓಡಿಸುವಾಗ ಗಾಲಿಗಳಿಗೆ ಜಿಡ್ಡು ಹಚ್ಚಬಾರದು ಎಂದು ಅದರ ಪುಸ್ತಕದಲ್ಲಿ ಬರೆದಿತ್ತು. ಜಪಾನಿನವರು ನಮ್ಮ ಧೂಳನ್ನು ಯಾವಾಗ ಕಂಡಿದ್ದರು? ಘೋಡಗೇರಿಯ ಬೀಗರ ಮನೆಯಿಂದ ಚಕ್ಕಡಿಗೆ ಹಾಕುವ ಕೀಲೆಣ್ಣೆ ತರಿಸಿ ನಾಲ್ಕೂ ಗಾಲಿಗಳಿಗೆ ಧಾರಾಳವಾಗಿ ಬಳಿದೆ. ನನ್ನ ಹೆಂಡತಿ ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಎತ್ತು ಎಲ್ಲೆ ಕಟ್ಟತೀರಿ?”

ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿದೆ. ಅದು ಮರಳಿ ಬಂದಾಗ ಅಂಗಳದ ಧೂಳು, ಹುಲ್ಲುಕಡ್ಡಿ, ಒಂದು ಕೋಳಿಪುಕ್ಕ ಎಲ್ಲವೂ ಅದರ ಮೈಮೇಲಿದ್ದವು. ಗಾಡಿ ಒಂದೂವರೆ ಪಟ್ಟು ದಪ್ಪವಾಗಿತ್ತು.

“ಛಲೋ ಆತು. ಅಂಗಳಾ ಕಸಾ ಹೊಡಿಯೂದು ತಪ್ಪಿತು!” ಎಂದಳು.

ರವಿವಾರ ಬೆಳಿಗ್ಗೆ ಗಾಡಿಯ ಹೊಟ್ಟೆಯ ಬ್ಯಾಟರಿಗೆ ಕರೆಂಟು ಉಣಿಸಿ, ಎಂಟು ಸೆಲ್ಲು ನುಂಗುವ ರಿಮೋಟಿನ ಪೆಟ್ಟಿಗೆಯನ್ನು ಒರೆಸಿಟ್ಟೆ. ಅಷ್ಟರಲ್ಲಿ ನೋಡುತ್ತೇನೆ, ಗೋಡೆಯ ಗಡಿಯಾರ ನಿಂತಿದೆ!

“ಬಾಜೂ ಮನಿಯವರನ್ನ ಕೇಳಿ ಬರ್ತೀನ್ರಿ, ಎಷ್ಟಾತು ಅಂತ,” ಎಂದಳು ಗಂಗವ್ವ.

“ಅವರ ಗಡಿಯಾರ ನಾ ನಂಬೂದಿಲ್ಲ. ಎಲ್ಲಿಂದರೆ ಒಂದು ಸೆಲ್ ಹುಡುಕಿ ನಮ್ಮದನ್ನ ಚಾಲೂ ಮಾಡು!” ಎಂದು ಅಪ್ಪಣೆ ಕೊಡಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ಗೃಹಿಣಿ ಎಂದರೆ ಹೀಗಿರಬೇಕು ಎಂದು ಮನಸ್ಸಿನಲ್ಲಿ ಮೆಚ್ಚಿಕೊಂಡೆ. ಬಾಯಿಬಿಟ್ಟು ಮೆಚ್ಚುವ ರೂಢಿ ನಮ್ಮಲ್ಲಿಲ್ಲ.

ಬೇಸಗೆಯಲ್ಲಿ ಹಿಡಕಲ್ ಜಲಾಶಯದ ನೀರು ಸರಿದ ಮೇಲೆ ಉಳಿಯುವ ಒಣ ದಂಡೆಯೇ ನಮ್ಮ ಕಣ. ಟೆಂಪೋದಲ್ಲಿ ನಾವಿಬ್ಬರು, ಪದ್ಮಣ್ಣ, ತೀರ್ಪುಗಾರ ದಸ್ತಗೀರ ಮತ್ತು ಗಂಗವ್ವನ ಬುತ್ತಿಯ ಗಂಟು. ಬಲೆ ಒಣಹಾಕುತ್ತಿದ್ದ ಮೀನುಗಾರರು ಕೆಲಸ ಬಿಟ್ಟು ಬಂದು ನಿಂತರು. ಇಲ್ಲಿಂದ ಹೊರಟು, ನೀರಿಗೆ ತುಸು ಈಚೆ ನೆಟ್ಟ ಬಲೆಯ ಗೂಟವನ್ನು ಮೊದಲು ದಾಟಿದವರದು ಗೆಲುವು ಎಂದು ಠರಾವಾಯಿತು.

ಪದ್ಮಣ್ಣನ ಗಾಡಿ ಮದುಮಗನಂತೆ ಹೊಳೆಯುತ್ತಿತ್ತು. ನನ್ನದು ಹೊಲ ಉತ್ತು ಬಂದಂತಿತ್ತು. ಅವನು ನನ್ನ ರಿಮೋಟಿನ ಏರಿಯಲ್ ತಂತಿಯ ತುದಿಯಲ್ಲಿದ್ದ ಕೆಂಪು ಪಟ್ಟಿಯನ್ನು ನೋಡಿ ಅನುಮಾನಿಸಿದ.

“ಕಾಕಾ, ಒಂದ ಮಾತ್ರಿ. ಎರಡೂ ರಿಮೋಟಿನ ಪಟ್ಟಿ ಒಂದ ಬಣ್ಣದ್ದು ಇದ್ರ ಕೂಡಿಸಿ ಓಡಿಸಬಾರದು, ಒಂದರ ಹುಕುಂ ಇನ್ನೊಂದು ಗಾಡಿ ಕೇಳತೈತಿ ಅಂತ ನನ್ನ ಪುಸ್ತಕದಾಗ ಬರದಾರ. ನಂದೂ ಕೆಂಪು, ನಿಮ್ದೂ ಕೆಂಪು.”

ನಾನು ಕನ್ನಡಕ ತೆಗೆದೆ. “ಅಲ್ಲೋ ಪದ್ಮಣ್ಣಾ, ನಮ್ಮ ಕಡೆ ಎಷ್ಟು ಮಂದಿ ಕೆಂಪು ರುಮಾಲು ಸುತ್ತತಾರ! ಒಬ್ಬನ ಹೇಂತಿ ಕರದ್ರ ಎಲ್ಲಾರೂ ಎದ್ದು ಹೋಗತಾರೇನು?”

ಮೀನುಗಾರರು ಬಿದ್ದುಬಿದ್ದು ನಕ್ಕರು. ಪದ್ಮಣ್ಣ ಪುಸ್ತಕದ ಮಾತು ಬಿಟ್ಟು ತನ್ನ ಗಾಡಿಯನ್ನು ನೆಲಕ್ಕಿಳಿಸಿದ. ನಾನು ರಿಮೋಟಿನ ಗುಂಡಿ ಒತ್ತಿದೆ. ಅದರಲ್ಲಿ ಜೀವವಿದೆಯೆಂದು ತೋರಿಸುವ ಪುಟ್ಟ ಮುಳ್ಳು ಮೇಲೇಳಲಿಲ್ಲ. ಇರಲಿ. ಆ ಮುಳ್ಳನ್ನು ನಾನು ಅದು ಹೊಸದಿದ್ದಾಗಲೂ ನಂಬಿರಲಿಲ್ಲ.

ದಸ್ತಗೀರ ಸಿಳ್ಳೆ ಹಾಕಿದ. ನಾನು ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ನೂಕಿದೆ. ಗಾಡಿ ಹೊರಟಿತು!

ಪದ್ಮಣ್ಣನದು ಮೊಲದಂತೆ ಹಾರಿತು. ನನ್ನದು ಕೀಲೆಣ್ಣೆಯ ಭಾರ ಹೊತ್ತು, ಆದರೆ ಗಂಭೀರವಾಗಿ, ಹಿಂಬಾಲಿಸಿತು. ನೆಲದ ಬಿರುಕೊಂದನ್ನು ತಪ್ಪಿಸಲು ನಾನು ಎಡಕ್ಕೆ ಎಳೆದೆ; ಅದು ಬಲಕ್ಕೆ ಸರಿದು ತಪ್ಪಿಸಿಕೊಂಡಿತು. ಹಳೆಯ ಯಂತ್ರಗಳಿಗೆ ಸ್ವಂತ ಅನುಭವ ಇರುತ್ತದೆ ಎಂದು ನನಗೆ ಹೆಮ್ಮೆಯೆನಿಸಿತು. ಗೂಟಕ್ಕೆ ಇನ್ನು ಸ್ವಲ್ಪವೇ ದೂರ ಇರುವಾಗ ಹೊಸ ಗಾಡಿ ಒಂದು ಮಣ್ಣಿನ ಹೆಂಟೆಯ ಮೇಲೆ ನೆಗೆದು, ಅಂಗಾತ ಬಿದ್ದು, ನಾಲ್ಕೂ ಗಾಲಿಗಳನ್ನು ಆಕಾಶಕ್ಕೆ ತಿರುಗಿಸತೊಡಗಿತು. ಪದ್ಮಣ್ಣ ಕಂಗಾಲಾಗಿ ಕಡ್ಡಿಯನ್ನು ಒತ್ತಿ ಹಿಡಿದೇ ಇದ್ದ. ನನ್ನ ಗಾಡಿ ಅದರ ಬದಿಯಿಂದ ಹಾಯ್ದು ಗೂಟವನ್ನು ದಾಟಿತು!

ದಂಡೆಯೆಲ್ಲ ಹೋ ಎಂದಿತು. ಪದವಿ ಉಳಿಯಿತು. ನಾನು ರಿಮೋಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕನ್ನಡಕ ತೆಗೆದು, ಭಾಷಣಕ್ಕೆ ನಿಂತೆ.

“ಮಹಾಜನರೇ, ಇದರಿಂದ ತಿಳಿಯೂದೇನಂದ್ರ—”

“ಕಾಕಾ, ಗಾಡಿ ನಿಲ್ಲಸ್ರಿ! ನೀರಿಗೆ ಹೊಂಟೈತಿ!” ಎಂದು ದಸ್ತಗೀರ ಕೂಗಿದ.

ತಿರುಗಿ ನೋಡಿದೆ. ಗಾಡಿ ಜಪಾನಿಗೆ ಮರಳುವ ನಿರ್ಧಾರ ಮಾಡಿದಂತೆ ಜಲಾಶಯದ ಕಡೆ ಹೊರಟಿತ್ತು. ನಾನು ಕಡ್ಡಿಯನ್ನು ಹಿಂದಕ್ಕೆ ಎಳೆದೆ. ಎಡಕ್ಕೆ ಎಳೆದೆ. ಎಳೆಯದ ದಿಕ್ಕು ಉಳಿಯಲಿಲ್ಲ! ಗಾಡಿ ನೀರಿಗಿಳಿಯಿತು. ಗಾಬರಿಯಾದ ಪದ್ಮಣ್ಣ ತನ್ನ ಕಡ್ಡಿಯಿಂದ ಬೆರಳು ತೆಗೆದ.

ನನ್ನ ಗಾಡಿ ನಿಂತಿತು.

ಪದ್ಮಣ್ಣ ಮೆಲ್ಲಗೆ, ಬಹಳ ಮರ್ಯಾದೆಯಿಂದ, ತನ್ನ ಕಡ್ಡಿಯನ್ನು ಹಿಂದಕ್ಕೆ ಎಳೆದ. ನನ್ನ ಗಾಡಿ ವಿಧೇಯವಾಗಿ ಹಿಂದೆ ಹಿಂದೆ ಬಂದು ದಂಡೆ ಹತ್ತಿತು.

“ಅದರಾಗ ಒಂದ ಸೆಲ್ ಕಡಿಮಿ ಐತಿ ಅಲ್ರಿ,” ಎಂದಳು ಗಂಗವ್ವ, ಬುತ್ತಿಯ ಗಂಟು ಬಿಚ್ಚುತ್ತ. “ಗಡಿಯಾರಕ್ಕ ಹಾಕೇನಿ. ಎಲ್ಲಿಂದರೆ ಹುಡುಕು ಅಂದ್ರಿ. ಎಂಟ ಇದ್ದುವು, ಒಂದು ತಗೊಂಡ್ರ ಏನಾತು ಅಂತ ಮಾಡಿದ್ನಿ.”

ದಸ್ತಗೀರ ತೀರ್ಪು ಕೊಡಲು ತಡಮಾಡಲಿಲ್ಲ. “ಎರಡೂ ಗಾಡಿ ಓಡಿಸಿದಾಂವ ಪದ್ಮಣ್ಣ. ಗೆದ್ದಾಂವನೂ ಅವನ, ಸೋತಾಂವನೂ ಅವನ. ಕಾಕಾ ಬುತ್ತಿ ಉಣ್ಣಾಕ ಬಂದಾರ!”

“ಆದ್ರ ಹಳೇ ಗಾಡಿ ಹೊಸಾ ಗಾಡೀನ ಸೋಲಿಸಿದ್ದು ಖರೆ ಐತೋ ಇಲ್ಲೋ?” ಎಂದು ನಾನು ತತ್ತ್ವವನ್ನಾದರೂ ಉಳಿಸಿಕೊಳ್ಳಲು ನೋಡಿದೆ.

“ಖರೆ ಐತ್ರಿ. ಹಂಗಾರ ಗಾಡೀನೇ ಪೇಪರ್ ಓದಲಿ,” ಎಂದ ದಸ್ತಗೀರ.

ರೊಟ್ಟಿ ಉಂಡು ಮನೆಗೆ ಬಂದೆವು. ರೊಟ್ಟಿಯೊಳಗೆ ಕೀಲೆಣ್ಣೆಯ ವಾಸನೆ ಬಂತೆಂದು ನನಗೆ ಈಗಲೂ ಸಂಶಯ. ಆದರೆ ಅದನ್ನು ಹೇಳುವ ತ್ರಾಣ ಇರಲಿಲ್ಲ.

ಈಗ ಪದ್ಮಣ್ಣ ಪತ್ರಿಕೆ ಓದುತ್ತಾನೆ. ಬರೆದದ್ದನ್ನು ಬರೆದ ಹಾಗೆಯೇ ಓದಿ, ಚಹಾ ಆರುವುದರೊಳಗೆ ಮುಗಿಸುತ್ತಾನೆ. ದಸ್ತಗೀರನ ಜೇಬುಗಳು ನೆಟ್ಟಗೆ ಬೀಳುತ್ತಿವೆಯೆಂದು ಗಿರಾಕಿಗಳು ಹೇಳುತ್ತಾರೆ. ನಾನು ಬೆಂಚಿನ ತುದಿಯಲ್ಲಿ ಕುಳಿತು ಕೇಳುತ್ತೇನೆ. ಸಂಶಯಗಳು ಗಂಟಲಿನವರೆಗೆ ಬರುತ್ತವೆ. ಕನ್ನಡಕ ತೆಗೆಯುತ್ತೇನೆ, ಒರೆಸಿ ಮತ್ತೆ ಹಾಕಿಕೊಳ್ಳುತ್ತೇನೆ.

ಉಳಿದ ಸಂಶಯಗಳನ್ನೆಲ್ಲ ಮನೆಯಲ್ಲಿಯೇ ಖರ್ಚು ಮಾಡೋಣವೆಂದರೆ ಅಲ್ಲಿಯೂ ದಾರಿಯಿಲ್ಲ. ನಾನು ಬಾಯಿ ತೆರೆದೊಡನೆ ಗಂಗವ್ವ ಒಲೆಯ ಮುಂದಿನಿಂದಲೇ ಕೇಳುತ್ತಾಳೆ: “ಮೊದಲ ಸೆಲ್ ಅದಾವೇನು ನೋಡ್ಕೊಂಡೀರೇನ್ರಿ?”

ನಾನು ಬಾಯಿ ಮುಚ್ಚುತ್ತೇನೆ. ಗೋಡೆಯ ಮೇಲೆ ಗಡಿಯಾರ ನಡೆದೇ ಇರುತ್ತದೆ. ಆ ಎಂಟು ಸೆಲ್ಲುಗಳಲ್ಲಿ ಅಂದು ಕೆಲಸ ಮಾಡಿದ್ದು ಅದರೊಳಗಿನದೊಂದೇ. ಅದೂ ನನ್ನ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದರಿಂದ!