ಮನೆಯಲ್ಲೇ ಹಾಕಿದ ಬ್ರೇಕು

ಪಂಚಶೀಲಾಳ ಬಲಗಾಲಿನ ಚಪ್ಪಲಿಗೆ ತೂತು ಬಿದ್ದದ್ದು ಅಂಥ ದೊಡ್ಡ ಸಂಗತಿಯೇನಲ್ಲ. ಆದರೆ ಎರಡು ತಿಂಗಳಲ್ಲಿ ಅದು ಮೂರನೇ ಜೋಡಿ. ಮೂರೂ ಸಲ ಎಡಗಾಲಿನದು ಅಂಗಡಿಯಿಂದ ಈಗ ತಂದಂತಿದ್ದು, ಬಲಗಾಲಿನದು ಮಾತ್ರ ಸುಟ್ಟ ಹಪ್ಪಳದಂತಾಗಿತ್ತು.

ಆ ಐತವಾರ ಬೆಳಿಗ್ಗೆ ಅವಳು ಅದನ್ನು ಗಂಡನ ಮುಖದ ಮುಂದೆ ಎತ್ತಿ ಹಿಡಿದಳು. ತೂತಿನ ಆಚೆ ಅವಳ ಒಂದು ಕಣ್ಣು ಕಾಣುತ್ತಿತ್ತು. ಆ ಕಣ್ಣಿನಲ್ಲಿ ಸಮಾಧಾನ ಇರಲಿಲ್ಲ.

"ನೋಡ್ರಿ ಇದನ್ನ. ಸೈಕಲ್ಲಿನ ಬ್ರೇಕ್ ಮಾಡೋ ಕೆಲಸ ನನ್ನ ಕಾಲು ಮಾಡಾಕತ್ತದ. ನಾಕಕ್ಕ ದವಾಖಾನ್ಯಾಗ ಮೀಟಿಂಗ್ ಅದ. ಅಷ್ಟರಾಗ ಮುಜಮ್ಮಿಲಣ್ಣನ ಅಂಗಡಿಗೆ ಒಯ್ದು ಬ್ರೇಕ್ ಹಾಕಿಸ್ಕೊಂಡು ಬರ್ರಿ. ಇಲ್ಲಂದ್ರ ನೀವೇ ನನ್ನ ಮುಂದ ಓಡ್ಕೋತ ಹೋಗ್ರಿ, ನಿಮಗ ಡಿಕ್ಕಿ ಹೊಡದು ನಿಲ್ಲಸ್ತೇನಿ."

ಪಂಚಶೀಲಾ ನರೋಣಾದ ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರ ಮನೆ ಮನೆಗೆ ಹೋಗಲು ಅವಳಿಗೆ ಸೈಕಲ್ಲೇ ಕಾಲು. ಅವಳ ಗಂಡ ಅಜಯಕುಮಾರ ಅದೇ ಊರಿನ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಎಲ್ಲೋ ಒಂದು ಕಡೆ ಬರೆದಿಟ್ಟಿರುವ ಕೆಲಸವನ್ನು ಓದು ಬಂದವರು ಯಾರು ಬೇಕಾದರೂ ಮಾಡಬಹುದು ಎಂಬುದು ಅವನ ಗಟ್ಟಿ ನಂಬಿಕೆ. ಹಿಂದಿನ ವಾರ ಸೈಕಲ್ ಅಂಗಡಿಯ ಮುಜಮ್ಮಿಲನಿಗೆ ಪಂಕ್ಚರ್ ಹಾಕುವುದು ಹೇಗೆಂದು ಹೇಳಿಕೊಡಲು ಹೋದಾಗ, ಅವನು ಐದಾರು ಜನರ ಮುಂದೆ, "ಸರ್, ನೀವು ಪುಸ್ತಕಕ್ಕ ಬೈಂಡ್ ಹಾಕ್ರಿ, ಟ್ಯೂಬಿಗೆ ನಾ ಹಾಕ್ತೇನಿ" ಎಂದಿದ್ದ. ಆ ಐದಾರು ಜನರ ನಗು ಇನ್ನೂ ಅಜಯಕುಮಾರನ ಕಿವಿಯಲ್ಲಿತ್ತು.

"ಅವನ ಅಂಗಡಿ ಯಾಕ ಬೇಕು? ಎರಡು ಜೋಡಿ ರಬ್ಬರು, ಒಂದು ವೈರು. ನಾನೇ ಹಾಕ್ತೇನಿ" ಎಂದ.

ಪಂಚಶೀಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೋದ ವರ್ಷ ಗೋಡಿಗೆ ಮೊಳಿ ಹೊಡ್ಯಾಕ ಹೋಗಿ ಗಡಿಯಾರ ಒಡದೀರಿ."

"ಅದು ಗೋಡಿ ತಪ್ಪು."

ಅಂಗಳದಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತು. ಆಳಂದದಿಂದ ಶುಕ್ರವಾರವೇ ತಂದಿಟ್ಟಿದ್ದ ಹೊಸ ಬ್ರೇಕ್ ರಬ್ಬರುಗಳು, ವೈರು, ಪಕ್ಕದ ಮನೆಯಿಂದ ಕೇಳಿ ತಂದ ಪಾನಾ, ಇಕ್ಕಳ ಎಲ್ಲವನ್ನೂ ಅಜಯಕುಮಾರ ಒಂದು ಹಳೇ ಪೇಪರಿನ ಮೇಲೆ ಆಪರೇಷನ್ನಿಗೆ ಜೋಡಿಸಿದಂತೆ ಸಾಲಾಗಿ ಇಟ್ಟ. ಮೊಬೈಲನ್ನು ಚರಿಗೆಗೆ ಆನಿಸಿ ನಿಲ್ಲಿಸಿದ. ಅದರೊಳಗೆ ಯಾರೋ ಒಬ್ಬ ನಾಲ್ಕು ನಿಮಿಷದಲ್ಲಿ ಬ್ರೇಕು ಬದಲಿಸುತ್ತಿದ್ದ. ಅಜಯಕುಮಾರನಿಗೆ ಮೊದಲನೇ ನಟ್ಟು ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ಬಿಚ್ಚಿದ ನಟ್ಟು ಕೈಯಿಂದ ಜಾರಿ, ಅಂಗಳ ದಾಟಿ, ತವರಿಗೆ ಹೊರಟ ಸೊಸೆಯಂತೆ ಹಿಂದೆ ನೋಡದೆ ಮೋರಿಗೆ ಹೋಯಿತು.

ಅವನು ಮೋರಿಯೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದಾಗ ಎದುರು ಮನೆಯ ಭಗವಂತ ಬಂದು ನಿಂತ. ಭಗವಂತ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಬ್ರೇಕ್ ಎಂಬ ಶಬ್ದ ಕಿವಿಗೆ ಬಿದ್ದರೆ ಮನೆಯೊಳಗೆ ಕೂರುವವನಲ್ಲ.

"ಏನ್ ಹುಡುಕಾಕತ್ತೀಯೋ ಅಜಯಾ?"

"ಬ್ರೇಕಿನ ನಟ್ಟು, ಮಾವ."

"ನಟ್ಟ ಹೋದ್ರ ಹೋಗಲಿ, ಧೈರ್ಯ ಹೋಗಬಾರದು. ಒಮ್ಮೆ ಅಫಜಲಪುರ ದಾರ್ಯಾಗ ನನ್ನ ಬಸ್ಸಿನ ಬ್ರೇಕೇ ಫೇಲ್ ಆಗಿತ್ತು. ಐವತ್ತು ಮಂದಿ ಇದ್ರು. ನಾ ಏನ್ ಮಾಡಿದೆ ಹೇಳು?"

ಅಜಯಕುಮಾರ ಮೋರಿಯಲ್ಲಿ ಕೈಯಾಡಿಸುತ್ತಲೇ ಇದ್ದ. ಭಗವಂತ ಬಿಡಲಿಲ್ಲ. ನಟ್ಟು ಸಿಕ್ಕು, ತೊಳೆದು, ಹೊಸ ರಬ್ಬರು ಕೂರಿಸುವವರೆಗೂ ಆ ಐವತ್ತು ಮಂದಿ ಬಸ್ಸಿನಿಂದ ಇಳಿಯಲಿಲ್ಲ. ಕಡೆಗೆ ಭಗವಂತ, "ವೈರ್ ಬಿಗಿ ಮಾಡು, ಇನ್ನಾ ಬಿಗಿ ಮಾಡು" ಎಂದ. ಅಜಯಕುಮಾರ ಹಲ್ಲು ಕಚ್ಚಿ ಎಳೆದು ಬಿಗಿದ. ಗಾಲಿ ತಿರುಗಲೇ ಇಲ್ಲ.

"ಈಗ ನೋಡು, ಹೆಂಗ ನಿಂತದ!" ಎಂದ ಭಗವಂತ ಹೆಮ್ಮೆಯಿಂದ.

"ನಿಂತದ ಮಾವ, ಹೊರಡೋದೂ ಬೇಕಲ್ಲ?"

ಸಡಿಲು ಮಾಡಿದ. ಗಾಲಿ ತಿರುಗಿತು, ಬ್ರೇಕು ಹಿಡಿಯಲಿಲ್ಲ. ಮತ್ತೆ ಬಿಗಿದ. ಈ ಸಲ ಹಿಡಿಯಿತು, ಆದರೆ ಹಿಡಿದಾಗ ಬಂದ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ಕುಳಿತವು. ಕಟುಕನ ಕೈಗೆ ಸಿಕ್ಕ ಆಡು ಕೂಡ ಅಷ್ಟು ಕೂಗಲಿಕ್ಕಿಲ್ಲ. ಪಕ್ಕದ ಮನೆಯ ಮುದುಕಿ ಮರೆಮ್ಮ ಕೋಲೂರಿಕೊಂಡು ಹೊರಗೆ ಬಂದಳು.

"ಯಾರ್ದೋ ಜೀವ ಹೊಂಟದ ಅಂದ್ಕೊಂಡೆ. ಇದೇನೋ ಅಜ್ಯಾ?"

"ಬ್ರೇಕ್, ಆಯಿ. ಹೊಸಾದು ಅದ, ಅದಕ್ಕ ಕೂಗತದ."

ಆ ಹೊತ್ತಿಗೆ ಮೊಬೈಲಿನ ಚಾರ್ಜು ಮುಗಿಯಿತು. ಚಾರ್ಜಿಗೆ ಹಾಕಲು ಅವನು ಒಳಗೆ ಹೋದ. ಹೊರಗೆ ಬಂದು ಬ್ರೇಕು ಒತ್ತಿದರೆ ಸದ್ದಿಲ್ಲ! ಗಾಲಿ ತನ್ನಷ್ಟಕ್ಕೆ ಮೆಲ್ಲಗೆ ತಿರುಗಿ ತಿರುಗಿ, ತನಗೆ ಬೇಕಾದಾಗ ನಿಂತಿತು.

"ಅದೇ ಸುಮ್ನಾತು ನೋಡ್ರಿ!" ಎಂದು ಅಜಯಕುಮಾರ ಕುಣಿದ.

ಸುಮ್ಮನಾಗಿದ್ದಕ್ಕೆ ಕಾರಣ ಮರೆಮ್ಮನ ಸೆರಗಿನ ಮರೆಯಲ್ಲಿತ್ತು. ಅವಳ ಮೊಣಕಾಲು ನೋವಿಗೆ ಸದಾ ಕೈಯಲ್ಲೇ ಇರುವ ಕುಸುಬಿ ಎಣ್ಣೆಯ ಶೀಶೆ ಅರ್ಧ ಖಾಲಿಯಾಗಿತ್ತು. ನೋವಿರುವ ಕಡೆ ಹಚ್ಚಬೇಕೆಂಬ ಒಳ್ಳೆಯ ಮನಸ್ಸಿನಿಂದ ಅವಳು ಎರಡೂ ಗಾಲಿಯ ರಿಮ್ಮಿಗೆ ಸುತ್ತಲೂ ಬಳಿದಿದ್ದಳು. ಹೇಳಿದರೆ ಬೈಯುತ್ತಾನೆಂದು ಹೇಳಲಿಲ್ಲ.

"ಒಂದು ಟ್ರಯಲ್ ತಗೋ" ಎಂದ ಭಗವಂತ.

ಒಳಗಿಂದ ಪಂಚಶೀಲಾ ಜೋಳದ ಚೀಲ ತಂದು ಕ್ಯಾರಿಯರಿಗೆ ಕಟ್ಟಿದಳು. "ಖಾಲಿ ಯಾಕ ಹೋಗ್ತೀರಿ? ಗಿರಣಿಗೆ ಹೋಗಿ ಬೀಸ್ಕೊಂಡು ಬರ್ರಿ."

ನರೋಣಾದ ಆ ಓಣಿ ದಾಟಿದರೆ ಇಳಿಜಾರು. ಅರ್ಧಕ್ಕೆ ಹಿಟ್ಟಿನ ಗಿರಣಿ, ಪೂರ್ತಿ ಇಳಿದರೆ ದನಗಳಿಗೆ ನೀರು ಕುಡಿಸುವ ತೊಟ್ಟಿ. ಇಳಿಜಾರು ಶುರುವಾದಲ್ಲಿ ಅಜಯಕುಮಾರ ಬ್ರೇಕು ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಒತ್ತಿದ. ಸೈಕಲ್ಲಿಗೆ ಅದು ಹುರುಪು ಕೊಟ್ಟಂತಾಯಿತು. ಕೋಳಿಗಳು ಎರಡೂ ಕಡೆ ಹಾರಿದವು. ಜಗುಲಿಯ ಮೇಲಿದ್ದ ಯಾರೋ, "ಸರ್, ಲೈಬ್ರರಿ ತೆರದದ ಏನ್ರಿ?" ಎಂದು ಕೇಳಿದರು. ಉತ್ತರ ಕೊಡುವಷ್ಟರಲ್ಲಿ ಅವನು ಮೂರು ಮನೆ ಆಚೆ ಇದ್ದ. ತೊಟ್ಟಿ ಕಣ್ಣಿಗೆ ಬಿದ್ದ ಕೂಡಲೇ ಬುದ್ಧಿ ಓಡಿ, ಹ್ಯಾಂಡಲ್ಲನ್ನು ಗಿರಣಿಯ ಕಡೆ ತಿರುಗಿಸಿ, ಅಲ್ಲಿ ದನಗಳ ಮೇವಿಗೆ ಒಟ್ಟಿದ್ದ ಜೋಳದ ಕಣಕಿಯ ಮೆದೆಯೊಳಗೆ ಹೋಗಿ ಹೊಕ್ಕ. ಕನ್ನಡಕ ಮೂಗಿನಿಂದ ಗದ್ದಕ್ಕೆ ಇಳಿದದ್ದು ಬಿಟ್ಟರೆ ಮೈಗೆ ಪೆಟ್ಟಾಗಲಿಲ್ಲ. ಮನಸ್ಸಿಗೆ ಆಯಿತು.

ಸೈಕಲ್ಲನ್ನು ಎಳೆದು ಗಿರಣಿಯ ಗೋಡೆಗೆ, ಉಳಿದ ಸೈಕಲ್ಲುಗಳ ಪಕ್ಕ ಆನಿಸಿ ಒಳಗೆ ಹೋದ. ಅಲ್ಲಿ ಗೊಬ್ಬರದ ಅಂಗಡಿಯ ವಿಶ್ವಾರಾಧ್ಯರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರದಲ್ಲಿ ಕುರ್ಚಿ ಹಾಕಿಕೊಂಡು ತೊಗರಿಯ ಧಾರಣೆ ಮಾತಾಡುತ್ತಿದ್ದರು. ಅವರ ಗೋಧಿ ಬೀಸಿ ಆಗಿತ್ತು, ಮಾತು ಆಗಿರಲಿಲ್ಲ. ಅಜಯಕುಮಾರ ಮೂಲೆಯಲ್ಲಿ ನಿಂತು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತ ಜೋಳ ಬೀಸಿಸಿದ. ಕನ್ನಡಕಕ್ಕೆ ಹಿಟ್ಟು ಮೆತ್ತಿತು. ಹಾಗೇ ಹೊರಬಂದು, ಚೀಲ ಕಟ್ಟಿ, ತಲೆ ತಗ್ಗಿಸಿ ಸೈಕಲ್ಲು ತಳ್ಳಿಕೊಂಡು ಏರು ಹತ್ತಿದ.

ಓಣಿಯ ಮೂಲೆ ಬಂದಾಗ, ತಳ್ಳಿಕೊಂಡು ಹೋದರೆ ಮರ್ಯಾದೆ ಹೋಗುತ್ತದೆಂದು ಹತ್ತಿ ಕುಳಿತ. ಎರಡು ಪೆಡಲು ತುಳಿದಿರಲಿಲ್ಲ, ಎಮ್ಮೆಯೊಂದು ಅಡ್ಡ ಬಂತು. ಗಾಬರಿಯಿಂದ ಬ್ರೇಕು ಒತ್ತಿದ. ಸೈಕಲ್ಲು ಗೂಟ ಹೊಡೆದಂತೆ ನಿಂತಿತು! ಎಮ್ಮೆಯ ಕಿವಿಗೂ ಗಾಲಿಗೂ ಗೇಣು ಅಂತರ.

ಅಜಯಕುಮಾರ ಮತ್ತೆ ತುಳಿದ, ಮತ್ತೆ ಒತ್ತಿದ. ಮತ್ತೆ ನಿಂತಿತು. ಬೆಲ್ಲಿನ ಮೇಲೆ ಬೆರಳಿಟ್ಟರೆ, ಎರಡು ವರ್ಷ ಮೌನವಾಗಿದ್ದ ಬೆಲ್ಲು ಕೂಡ ಟ್ರಿಣ್ ಎಂದಿತು. ಹೊಸ ರಬ್ಬರು ಕೂರಲಿಕ್ಕೆ ಒಂದು ಒಳ್ಳೆಯ ಓಟ ಬೇಕಿತ್ತು, ಕಣಕಿಗೆ ಗುದ್ದಿದ ಏಟಿಗೆ ಬೆಲ್ಲಿನ ತುಕ್ಕು ಉದುರಿತು ಎಂದು ಅವನು ಶಾಸ್ತ್ರೋಕ್ತವಾಗಿ ತೀರ್ಮಾನಿಸಿದ.

ಮನೆಯ ಮುಂದೆ ಅವನು ಹತ್ತು ಸಲ ಓಡಿಸಿ ಹತ್ತು ಸಲ ನಿಲ್ಲಿಸಿ ತೋರಿಸಿದ. "ಬಿಗಿ ಮಾಡು ಅಂದವ ನಾ" ಎಂದ ಭಗವಂತ. ಮರೆಮ್ಮ ತನ್ನ ಎಣ್ಣೆಯ ಗುಟ್ಟನ್ನು ಈಗ ಧೈರ್ಯವಾಗಿ ಹೊರಹಾಕಿದಳು. ಯಾರೂ ನಂಬಲಿಲ್ಲ. ಅಜಯಕುಮಾರ ಭಗವಂತನ ಕೈಗೆ ಮೊಬೈಲು ಕೊಟ್ಟು, ಸೈಕಲ್ಲಿನ ಪಕ್ಕ ನಿಂತು ವಿಡಿಯೋ ಮಾಡಿಸಿದ.

"ಬಂಧುಗಳೇ, ಈ ಬ್ರೇಕ್ ನೋಡ್ರಿ. ಮನ್ಯಾಗ, ನನ್ನ ಕೈಯಾರ ಹಾಕಿದ್ದು. ಇಂಥ ಕೆಲಸ ಮುಜಮ್ಮಿಲನ ಅಂಗಡ್ಯಾಗ ಆಗ್ತದೇನು? ಇನ್ನ ಮ್ಯಾಲ ಎಲ್ಲಾರೂ ನಿಮ್ಮ ನಿಮ್ಮ ಅಂಗಳದಾಗೇ ಹಾಕ್ಕೋರಿ. ಮೊದಲಿಗೆ ಹಳೇ ನಟ್ಟು ಬಿಚ್ಚ್ರಿ..."

ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಹೆಬ್ಬೆರಳುಗಳ ಸುರಿಮಳೆಯಾಯಿತು.

ಪಂಚಶೀಲಾ ಮೀಟಿಂಗಿಗೆ ಹೊರಟಾಗ, "ಸೀಟ್ ಜರಾ ಎತ್ತರ ಆಗ್ಯದಲ್ರಿ?" ಎಂದಳು.

"ಅದನ್ನೂ ಸರಿ ಮಾಡೇನಿ" ಎಂದ ಅವನು. ಬಾಯಿಂದ ಬಂದ ಮೇಲೆ ಅದು ಖರೆ ಇರಬಹುದೆಂದು ಅವನಿಗೇ ಅನಿಸಿತು.

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿ ಅವಳು ಅವನನ್ನು ಮೆಚ್ಚುಗೆಯಿಂದ ನೋಡಿ, "ಸಂಜೀಕ ಸಜ್ಜಕ ಮಾಡ್ತೇನಿ" ಎಂದು ಹೇಳಿ ಬೆಲ್ಲು ಬಾರಿಸುತ್ತ ಹೋದಳು. ಅಜಯಕುಮಾರ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದ. ಕನಸಿನಲ್ಲಿ ಅವನು ಐವತ್ತು ಮಂದಿ ಇದ್ದ ಬಸ್ಸಿನ ಬ್ರೇಕು ಸರಿ ಮಾಡುತ್ತಿದ್ದ.

ಎಬ್ಬಿಸಿದ್ದು ಒಂದು ಗರ್ಜನೆ.

"ಯಾರಪಾ ಅದು ಲೈಬ್ರರಿಯವ?"

ಕಣ್ಣು ತೆರೆದರೆ ಎದುರಿಗೆ ವಿಶ್ವಾರಾಧ್ಯರು. ಅಂಗಿ, ಧೋತರ, ಮೀಸೆ, ಹುಬ್ಬು ಎಲ್ಲದರ ಮೇಲೂ ಹಸಿ ಗೋಧಿ ಹಿಟ್ಟು ದಪ್ಪಗೆ ಮೆತ್ತಿತ್ತು. ಹಿಟ್ಟಿನಲ್ಲಿ ಅದ್ದಿ, ಎಣ್ಣೆಗೆ ಬಿಡುವುದನ್ನು ಮರೆತ ಮೆಣಸಿನಕಾಯಿ ಬಜ್ಜಿಯಂತೆ ಅವರು ನಿಂತಿದ್ದರು. ಹಿಂದೆ ಮುಜಮ್ಮಿಲ ಒಂದು ನೀಲಿ ಸೈಕಲ್ಲು ಹಿಡಿದುಕೊಂಡಿದ್ದ. ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟು, ಆಮೇಲೆ ದೊಡ್ಡವರ ಪಾಲಾದ ನೀಲಿ ಸೈಕಲ್ಲುಗಳು ಆ ಊರಿನಲ್ಲಿ ಮನೆಗೊಂದರಂತೆ ಇದ್ದವು. ಒಂದು ಇದ್ದಂತೆ ಇನ್ನೊಂದು.

"ಮಾತು ಮುಗಿಯೂದ್ರಾಗ ಹೊತ್ತಾತು, ಗಿರಣಿಯಿಂದ ಹಿಟ್ಟಿನ ಚೀಲ ಕಟ್ಕೊಂಡು ಹತ್ತೀನಿ" ಎಂದರು ವಿಶ್ವಾರಾಧ್ಯರು. "ಬ್ರೇಕ್ ಒತ್ತೀನಿ, ಒತ್ತೀನಿ, ತೊಟ್ಟಿ ಬಂದೇಬಿಡ್ತು! ನಾನೂ ಒಳಗ, ಚೀಲಾನೂ ಒಳಗ! ಎರಡು ಎತ್ತು ನೀರು ಕುಡಿಯೋದು ಬಿಟ್ಟು ನನ್ನ ನೋಡಾಕತ್ತಿದ್ವು. ಮುಂಜಾನಿ ಹೊಸ ಬ್ರೇಕ್ ಹಾಕಿಸೀನಲ್ಲ ಅಂತ ಸೀದಾ ಹೋಗಿ ಇವನ ಕೊಳ್ಳಪಟ್ಟಿ ಹಿಡದೆ."

ಮುಜಮ್ಮಿಲ ಮೃದುವಾಗಿ ಮುಂದುವರಿಸಿದ. "ನಾ ನೋಡ್ತೇನಿ, ರಿಮ್ಮಿಗೆಲ್ಲ ಕುಸುಬಿ ಎಣ್ಣಿ, ರಬ್ಬರ್ ಹಿಂದ ಮುಂದ. ಇದು ನನ್ನ ಕೈಯಲ್ಲ ಸಾಹೇಬ್ರ ಅಂದೆ. ಆಮ್ಯಾಲ ಗುಂಪಿನಾಗ ನಿಮ್ಮ ವಿಡಿಯೋ ತೆಗದೆನ್ರಿ ಸರ್. ನೋಡಿದ್ರ ಬ್ರೇಕ್ ವೈರಿನ ತುದಿಗೆ ಕೆಂಪು ಟೇಪು. ಹಂಗ ಟೇಪ್ ಸುತ್ತೋದು ಈ ಊರಾಗ ನಾ ಒಬ್ಬನ."

ಅಜಯಕುಮಾರನಿಗೆ ಬೆಲ್ಲು, ಸೀಟು, ಎಮ್ಮೆ ಎಲ್ಲವೂ ಒಟ್ಟಿಗೆ ಅರ್ಥವಾದವು. ಗಿರಣಿಯಲ್ಲಿ ಸೈಕಲ್ಲು ಅದಲುಬದಲಾಗಿತ್ತು. ಅವನು ಇಷ್ಟು ಹೊತ್ತು ಹೊಗಳಿ ಹೊಗಳಿ ಊರಿಗೆಲ್ಲ ತೋರಿಸಿದ್ದು ಮುಜಮ್ಮಿಲನ ಕೆಲಸವನ್ನು. ತೊಟ್ಟಿಯಲ್ಲಿ ಬಿದ್ದದ್ದು ತನ್ನದು.

"ವೈರ್ ಬಿಗಿ ಮಾಡಬ್ಯಾಡ ಅಂತ ನಾ ಆಗೇ ಹೇಳಿದ್ದೆ" ಎಂದು ಭಗವಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮರೆಮ್ಮ ಎಣ್ಣೆಯ ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿ, ತನಗೆ ಕಿವಿ ಕೇಳುವುದಿಲ್ಲವೆಂಬ ಮುಖ ಮಾಡಿದಳು.

ಅದೇ ವೇಳೆಗೆ ಟ್ರಿಣ್ ಟ್ರಿಣ್ ಎನ್ನುತ್ತ ಪಂಚಶೀಲಾ ಬಂದಳು. ಹಿಟ್ಟಿನ ಮನುಷ್ಯನನ್ನೂ ತನ್ನ ನಿಜವಾದ ಸೈಕಲ್ಲನ್ನೂ ನೋಡಿ, ಬ್ರೇಕು ಒತ್ತಿ, ಗಕ್ಕನೆ ನಿಂತಳು. ಯಾರೂ ಏನೂ ಹೇಳುವುದು ಬೇಕಾಗಲಿಲ್ಲ.

"ಖರೇನ ನಿಮ್ಮ ಕೈಯಾಗ ಇಷ್ಟು ಗುಣ ಬಂತಲ್ಲ ಅಂತ ದಾರಿ ತುಂಬ ಅಂದ್ಕೋತ ಹೋದೆ ನಾ" ಎಂದಳು ಗಂಡನಿಗೆ. ಬೈದಿದ್ದರೆ ಅವನಿಗೆ ಅಷ್ಟು ತಾಗುತ್ತಿರಲಿಲ್ಲ. ಒಳಗೆ ಹೋಗಿ, ಬೀಸಿ ತಂದ ಜೋಳದ ಹಿಟ್ಟಿನ ಚೀಲವನ್ನೂ ಸಜ್ಜಕಕ್ಕೆ ತಂದಿಟ್ಟ ರವೆಯನ್ನೂ ಎತ್ತಿ ವಿಶ್ವಾರಾಧ್ಯರ ಮುಂದಿಟ್ಟಳು. "ತಪ್ಪಾಯ್ತ್ರಿ ಕಾಕಾ. ಇವು ನಿಮ್ಮ ಮನಿಗೆ ಇರಲಿ."

ವಿಶ್ವಾರಾಧ್ಯರು ತಮ್ಮ ಸೈಕಲ್ಲು ಹತ್ತಿ, ಹಿಟ್ಟು ಉದುರಿಸುತ್ತ ಹೋದರು. ಓಣಿಯ ತುದಿಯಲ್ಲಿ ಒಮ್ಮೆ ಬ್ರೇಕು ಒತ್ತಿ ನೋಡಿಕೊಂಡರು.

ಅಜಯಕುಮಾರ ಗಂಟಲು ಸರಿ ಮಾಡಿಕೊಂಡ. ಹೇಳಲೇಬೇಕಾಗಿತ್ತು, ಹೇಳಿದ. "ಮುಜಮ್ಮಿಲಭಾಯಿ, ನಾಳಿ ಮುಂಜಾನಿ ಇಕಿ ಡ್ಯೂಟಿಗೆ ಹೋಗಬೇಕು. ಈ ಸೈಕಲ್ ಇವತ್ತೇ ಒಂದೀಟು..."

"ಇವತ್ತ ಆಗೂದಿಲ್ರಿ ಸರ್. ನಾಳಿನೂ ಆಗೂದಿಲ್ಲ. ನಿಮ್ಮ ವಿಡಿಯೋ ನೋಡಿ ಊರಾಗ ಒಂಬತ್ತು ಮಂದಿ ತಮ್ಮ ತಮ್ಮ ಅಂಗಳದಾಗ ಬ್ರೇಕ್ ಬಿಚ್ಚ್ಯಾರ. ಒಂಬತ್ತೂ ಸೈಕಲ್ ಈಗ ನನ್ನ ಅಂಗಡಿ ಮುಂದ ನಿಂತಾವ. ನಿಮ್ದು ಹತ್ತನೇದು."

ಮುಜಮ್ಮಿಲ ಸೈಕಲ್ಲನ್ನು ಗೋಡೆಗೆ ಆನಿಸಿ ಎರಡು ಹೆಜ್ಜೆ ನಡೆದ. ಮತ್ತೆ ತಿರುಗಿ ಬಂದು ಅಜಯಕುಮಾರನ ಎರಡೂ ಕೈ ಹಿಡಿದುಕೊಂಡ. ಅವನ ಮುಖದಲ್ಲಿ ಹಂಗಿಸುವ ಲಕ್ಷಣ ಒಂದಿಷ್ಟೂ ಇರಲಿಲ್ಲ.

"ಸರ್, ಬೇಜಾರ ಮಾಡ್ಕೋಬ್ಯಾಡ್ರಿ. ಹನ್ನೆರಡು ವರ್ಷದಾಗ ಒಂದೇ ದಿನ ಇಷ್ಟು ಗಿರಾಕಿ ನಾ ನೋಡಿಲ್ಲ. ಮುಂದಿನ ಐತವಾರ ಚೈನಿಂದೂ ಒಂದು ವಿಡಿಯೋ ಮಾಡ್ರಿ."