ತುಂಬೆ ಕಿತ್ತ ಕೈ

ಕಲಿತದ್ದನ್ನು ತಲೆ ಮರೆಯುತ್ತದೆ, ಕೈ ಮರೆಯುವುದಿಲ್ಲ. ಶಾಲೆಯಲ್ಲಿ ಎರಡು ವರ್ಷ ತಿದ್ದಿದ ಅಕ್ಷರಗಳಲ್ಲಿ ಅರ್ಧ ನನಗೆ ನೆನಪಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತದ್ದು ಮಾತ್ರ ಬೆರಳ ತುದಿಯಲ್ಲೇ ಇದೆ. ಮೇಸ್ತ್ರಿ ಮುರುಗೇಶಿ, “ನೆಲ ಅಂಗೈ ಮಾದರಿ ಇರಬೇಕಮ್ಮಾ” ಎನ್ನುತ್ತಿದ್ದ. ಹಾಗೇ ಇರುತ್ತಿತ್ತು.

ಈಗ ಶಿವಮೊಗ್ಗದ ಗೋಪಾಳದಲ್ಲಿ ಮಗಳು, ಅಳಿಯನ ಜೊತೆ ಇದ್ದೇನೆ. ಪಕ್ಕದ ಮನೆಯ ಕಮಲಮ್ಮ ರಿಟೈರಾದ ಟೀಚರು. ಖಾಲಿ ಸೈಟುಗಳೆಲ್ಲ ಮನೆಗಳಾಗಿ ಚಿಟ್ಟೆಗಳೇ ಕಾಣುತ್ತಿಲ್ಲವೆಂದು ಅವರಿಗೆ ಚಿಂತೆ. ತಮ್ಮ ಕಾಂಪೌಂಡಿನೊಳಗೆ ತುಂಬೆ ಬೀಜ ಚೆಲ್ಲಿ, ಎಕ್ಕದ ಗಿಡವೊಂದನ್ನು ನೆಟ್ಟು, ನೀರು ಹಾಕುವ ಕೆಲಸವನ್ನು ನನಗೆ ಅಂಟಿಸಿದರು.

“ಕಳೆಗೆ ಯಾರಾದ್ರೂ ನೀರು ಹಾಕ್ತಾರಾ ಟೀಚರಮ್ಮ?”

“ಕಳೆ ಅಲ್ಲ ಮಾರಾಯ್ತಿ, ಚಿಟ್ಟೆ ಊಟ ಅದು.”

“ಚಿಟ್ಟೆ ಉಂಡು ನಮಗೇನು ಕೊಡುತ್ತೆ?”

“ಅಳಿಯನ ಮನೇಲಿ ಉಂಡು ನೀವೇನು ಕೊಡ್ತೀರಿ ಗಂಗಮ್ಮ?”

ನಾನು ತಂಬಿಗೆ ಎತ್ತಿಕೊಂಡು ನೀರು ಹಾಕಿದೆ.

ಒಂದು ದಿನ ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆ ಹುಳು ಕಂಡು ಚಪ್ಪಲಿ ಎತ್ತಿದೆ. ಟೀಚರಮ್ಮ ಕೈ ಹಿಡಿದರು. “ನಿಲ್ಲಿ, ಇದೇ ಚಿಟ್ಟೆ ಆಗೋದು.” ನಾನು ನಂಬಲಿಲ್ಲ. ಚಿಟ್ಟೆ ಬೇರೆ ಜಾತಿ, ಹುಳು ಬೇರೆ ಜಾತಿ ಎಂದೇ ಎಪ್ಪತ್ತು ವರ್ಷ ಬದುಕಿದವಳು. ಹುಳು ತಿಂದು ತಿಂದು, ಕೊನೆಗೆ ಹಸಿರು ಗೂಡಾಗಿ ಎಲೆಯಡಿ ನೇತುಬಿತ್ತು. ಅದು ಒಡೆಯುವುದನ್ನು ನೋಡದೆ ಸಾಯಬಾರದು ಅನ್ನಿಸಿತು. ದಿನಾ ಬೆಳಿಗ್ಗೆ ಅದರೆದುರು ಮಣೆ ಹಾಕಿಕೊಂಡು ಕೂತೆ. ಕಾಫಿ ಆರಿದೆ ಎಂದು ಮಗಳು ಕೂಗಿದರೂ ಏಳಲಿಲ್ಲ.

ಹತ್ತನೆಯ ದಿನ ಗೂಡು ಬಿರಿಯಿತು. ಒದ್ದೆ ಬಟ್ಟೆಯ ಹಾಗೆ ಮುದುಡಿದ್ದ ಕೆಂಚು ರೆಕ್ಕೆ ನಿಧಾನಕ್ಕೆ ಬಿಡಿಸಿಕೊಂಡಿತು. ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ನೋಡಿದೆ. ಚಿಟ್ಟೆ ಹಾರಿತು, ಎರಡು ಸುತ್ತು ಸುತ್ತಿತು, ಎಲ್ಲೂ ಕೂರಲಿಲ್ಲ.

“ಗಂಗಮ್ಮ, ಅದರ ಊಟ ಎಲ್ಲಿ?” ಎಂದರು ಟೀಚರಮ್ಮ.

ಬಗ್ಗಿ ನೋಡಿದೆ. ತುಂಬೆಯೆಲ್ಲ ಹೂವಿನ ಸಮೇತ ನನ್ನ ಮಡಿಲಲ್ಲಿತ್ತು, ಬೇರಿನ ಮಣ್ಣು ಕೊಡವಿ, ಸಾಲಾಗಿ. ನೆಲ ಅಂಗೈ ಮಾದರಿ ಇತ್ತು.

ಅಲ್ಲೇ ಕೂತು ಮತ್ತೆ ನೆಟ್ಟೆ. ಅರ್ಧ ಬದುಕಿದವು. ಚಿಟ್ಟೆ ಮೂರು ದಿನ ಬಿಟ್ಟು ಬಂತು. ಅದೇ ಚಿಟ್ಟೆಯೋ ಬೇರೆಯೋ, ಅದನ್ನು ಟೀಚರಮ್ಮನೂ ಹೇಳಲಾರರು. ಈಗ ನಾನು ಅಲ್ಲಿ ಕೂರುವಾಗ ಅವರು ನನ್ನ ಕೈಗೊಂದು ಬುಟ್ಟಿ ಅವರೆಕಾಯಿ ಕೊಡುತ್ತಾರೆ, ಕೈ ನೆಲಕ್ಕೆ ಹೋಗದಿರಲಿ ಎಂದು. ಸುಲಿದ ಕಾಳು ಅವರ ಮನೆಯ ಸಾರಿಗೆ ಹೋಗುತ್ತದೆ. ಚಿಟ್ಟೆ ಉಂಡರೆ ಯಾರಿಗೇನು ಸಿಗುತ್ತದೆ ಎಂದು ಈಗ ನಾನು ಕೇಳುವುದಿಲ್ಲ.